ದೃಶ್ಯಧಾರಾವಾಹಿಗಳಲ್ಲಿ ಮರಳಿ ಬರುವ ನಾದಖಂಡಗಳ ಅರ್ಥಬೋಧಕತ್ವ

ನಾಟಕದ ಮಾತಿಗೆ ಅರ್ಥವುಂಟೆಂಬದರಲ್ಲಿ ಯಾರಿಗೂ ಸಂಶಯವಿಲ್ಲ. ಆ ಮಾತಿನ ಹಿಂದೆಯೂ ಮುಂದೆಯೂ ಕೇಳಿಬರುವ ಗೀತವಾದ್ಯಗಳು ಮಾತ್ರ ಕಿವಿಯ ಹಿತಕ್ಕಾಗಿ ಕೂಡಿಸಿದ ಭೂಷಣಗಳೆಂದು ಭಾವಿಸುವ ರೂಢಿಯು ಸಾಹಿತ್ಯಬೋಧಕರಲ್ಲಿ ಬಲವಾಗಿರುವದು. ದೂರದರ್ಶನದ ಧಾರಾವಾಹಿಗಳ ವಿಷಯದಲ್ಲಿ ಈ ಭಾವನೆಯು ನಿಲ್ಲಲಾರದು. ಅಲ್ಲಿ ಕೆಲವೇ ಸ್ವರಗಳ ಒಂದು ನಾದಖಂಡವು ಕಂತಿನಿಂದ ಕಂತಿಗೆ ಮರಳಿ ಮರಳಿ ಬಂದು, ಮಾತು ಹೇಳದೆ ಬಿಟ್ಟುದನ್ನು ಪ್ರೇಕ್ಷಕನಿಗೆ ತಿಳಿಸುವದು. ಪದವಿಲ್ಲದ ನಾದವು ಅರ್ಥವನ್ನು ಹೇಗೆ ತಿಳಿಸೀತು? ಪ್ರಶ್ನೆಯು ಹೊಸದಾಗಿ ತೋರಿದರೂ ನಮ್ಮ ಶಾಸ್ತ್ರಕಾರರಿಗೆ ಅದು ಅಪರಿಚಿತವಲ್ಲ.

ಭರತಮುನಿಯು ನಾಟ್ಯಶಾಸ್ತ್ರದ 32ನೆಯ ಅಧ್ಯಾಯದಲ್ಲಿ ಧ್ರುವಾಗೀತಗಳನ್ನು 5 ವಿಧವಾಗಿ ವಿಭಾಗಿಸಿರುವನು. ಪಾತ್ರದ ಪ್ರವೇಶದಲ್ಲಿ ಹಾಡುವದು ಪ್ರಾವೇಶಿಕೀ; ನಿರ್ಗಮನದಲ್ಲಿ ಹಾಡುವದು ನೈಷ್ಕ್ರಾಮಿಕೀ; ನಡೆಯುತ್ತಿರುವ ರಸವನ್ನು ತಡೆದು ಬೇರೊಂದನ್ನು ತರುವದು ಆಕ್ಷೇಪಿಕೀ; ಕಲಕಿದ ಚಿತ್ತವನ್ನು ತಿಳಿಗೊಳಿಸುವದು ಪ್ರಾಸಾದಿಕೀ; ಪ್ರಯೋಗದ ನಡುವೆ ಬೀಳುವ ತೆರವನ್ನು ಮುಚ್ಚುವದು ಅಂತರಾ. ಈ ವಿಭಾಗಕ್ಕೆ ಆಧಾರವಾದುದು ಗೀತದ ಸೊಗಸಲ್ಲ, ನಾಟಕದಲ್ಲಿ ಅದು ಮಾಡುವ ಕಾರ್ಯ. ಮೇಲಾಗಿ ಧ್ರುವೆಯು ರಾಜನನ್ನು ರಾಜನೆಂದೇ ಹೇಳದೆ, ಸೂರ್ಯನನ್ನೋ ಗಜವನ್ನೋ ವರ್ಣಿಸಿ ಸೂಚಿಸುವದು. ಕಾಳಿದಾಸನ ವಿಕ್ರಮೋರ್ವಶೀಯದ 4ನೆಯ ಅಂಕದಲ್ಲಿ, ಒಂದು ಪಾಠಪರಂಪರೆಯಂತೆ, ಪ್ರಿಯೆಯನ್ನು ಅಗಲಿ ಅಲೆಯುವ ಗಜರಾಜನ ಹಾಡುಗಳು ಪುರೂರವನ ಅವಸ್ಥೆಯನ್ನೇ ಧ್ವನಿಸುತ್ತಿರುವವು.

ಧ್ರುವೆಗಾದರೂ ಪದಗಳುಂಟು, ಪದಗಳಿಲ್ಲದ ನಾದದ ಗತಿಯೇನು? ಇದಕ್ಕೆ ಆನಂದವರ್ಧನನು ಧ್ವನ್ಯಾಲೋಕದ 3ನೆಯ ಉದ್ಯೋತದಲ್ಲಿ ಉತ್ತರವಿತ್ತಿರುವನು. ಗೀತದ ನಾದಕ್ಕೆ ವಾಚ್ಯಾರ್ಥವನ್ನು ಹೇಳುವ ಶಕ್ತಿಯಿಲ್ಲ; ಆದರೂ ಅದರಿಂದ ರಸವು ವ್ಯಕ್ತವಾಗುವದು ಅನುಭವಸಿದ್ಧ. ಆದುದರಿಂದ ಅಭಿಧೆಯಿಂದ ಭಿನ್ನವಾದ ವ್ಯಂಜನಾವ್ಯಾಪಾರವನ್ನು ಒಪ್ಪಲೇಬೇಕೆಂಬದು ಅವನ ವಾದ. ಆ ವ್ಯಂಜನೆಯು ಸ್ಮೃತಿಯ ದ್ವಾರದಿಂದ ಹೇಗೆ ನಡೆಯುವದೆಂಬದಕ್ಕೆ ಶಾಕುಂತಲದ 5ನೆಯ ಅಂಕವೇ ನಿದರ್ಶನ. ಹಂಸಪದಿಕೆಯ ಗಾನವನ್ನು ಕೇಳಿದ ದುಷ್ಯಂತನು, ಶಕುಂತಲೆಯನ್ನು ಮರೆತಿದ್ದರೂ, ಕಾರಣ ತಿಳಿಯದೆ ಕಳವಳಗೊಳ್ಳುವನು. ವಿಷಯವು ಮರೆತುಹೋಗಿದೆ, ಸಂಸ್ಕಾರವು ಮಾತ್ರ ಉಳಿದಿದೆ, ನಾದವು ಅದನ್ನೇ ಮುಟ್ಟಿದೆ.

ಈ ತತ್ವವನ್ನು ಕನ್ನಡನಾಡಿನಲ್ಲಿಯೇ ರೂಪುಗೊಂಡ ಒಂದು ಧಾರಾವಾಹಿಯಲ್ಲಿ ಪರೀಕ್ಷಿಸಬಹುದು. ಆರ್. ಕೆ. ನಾರಾಯಣರ ಕಥೆಗಳನ್ನು ಆಧರಿಸಿ ಶಂಕರನಾಗರು ನಿರ್ದೇಶಿಸಿದ 'ಮಾಲ್ಗುಡಿ ಡೇಸ್' 1980ರ ದಶಕದ ಉತ್ತರಾರ್ಧದಲ್ಲಿ ದೂರದರ್ಶನದಲ್ಲಿ ಪ್ರಸಾರವಾಯಿತು. ಅದರ ಭಾಷೆ ಹಿಂದಿಯೂ ಆಂಗ್ಲವೂ ಆಗಿದ್ದರೂ ಮಾಲ್ಗುಡಿಯಾಗಿ ಕಾಣಿಸಿಕೊಂಡದ್ದು ತೀರ್ಥಹಳ್ಳಿ ತಾಲೂಕಿನ ಆಗುಂಬೆ. ಎಲ್. ವೈದ್ಯನಾಥನ್ನರು ರಚಿಸಿದ ಅದರ ಶೀರ್ಷಿಕೆಗೀತದಲ್ಲಿ ಪದಗಳಿಲ್ಲ. 'ತಾನನ' ಎಂಬಂತಹ ಅಕ್ಷರಗಳನ್ನು ಕಂಠವು ಗುನುಗುವದಷ್ಟೇ. ಶಾರ್ಙ್ಗದೇವನು ಪ್ರಬಂಧದ 6 ಅಂಗಗಳಲ್ಲಿ ಪದದಿಂದ ಬೇರೆಯಾಗಿ ಎಣಿಸಿದ 'ತೇನ'ವನ್ನು ಇದು ನೆನಪಿಗೆ ತರುವದು.

ಆ ಗುನುಗಿನ ಅರ್ಥವೇನು? ಅದು ಸ್ವಾಮಿಯೆಂಬ ಬಾಲಕನ ಗುರುತೆಂದು ಹೇಳಬಹುದಿತ್ತು. ಆದರೆ ಸ್ವಾಮಿಯಿಲ್ಲದ ಕಥೆಗಳಿಗೂ ಅದೇ ಮೊದಲಾಗಿರುವದು. ಕಥೆ ಬದಲಾಯಿತು, ಪಾತ್ರಗಳು ಬದಲಾದವು, ರಸವೂ ಬದಲಾಯಿತು. ಬದಲಾಗದೆ ನಿಂತದ್ದು ಊರು ಒಂದೇ. ಆದುದರಿಂದ ಆ ನಾದಖಂಡವು ಮಾಲ್ಗುಡಿಯೆಂಬ ಊರನ್ನೂ, ಅಲ್ಲಿಯ ಸುಖದುಃಖಗಳನ್ನು ಸಮನಾಗಿ ನೋಡುವ ಕಥೆಗಾರನ ದೃಷ್ಟಿಯನ್ನೂ ವ್ಯಂಜಿಸುವದೆಂದು ನಿರ್ಣಯಿಸಬೇಕಾಗುವದು. ಇದಕ್ಕೆ ಪ್ರತಿಯಾಗಿ ಟಿ. ಎನ್. ಸೀತಾರಾಮರ 'ಮಾಯಾಮೃಗ'ದಲ್ಲಿ ಹೆಸರೇ ರಾಮಾಯಣದ ಹೊಂಜಿಂಕೆಯನ್ನು ಮುಂದೆ ನಿಲ್ಲಿಸುವದು. ಅಲ್ಲಿ ಪದವು ನಡೆಸಿದತ್ತ ನಾದವು ನಡೆಯುವದು.

ಪಾಶ್ಚಾತ್ಯರಲ್ಲಿ ವಾಗ್ನರನು ಇದೇ ಉಪಾಯವನ್ನು ವಿಸ್ತಾರವಾಗಿ ಬಳಸಿದನು. 1876ರಲ್ಲಿ ಬೈರಾಯ್ಟಿನಲ್ಲಿ ಪೂರ್ಣವಾಗಿ ಪ್ರದರ್ಶಿತವಾದ ಅವನ 4 ಗೀತನಾಟಕಗಳ ಮಾಲೆಯಲ್ಲಿ ಖಡ್ಗಕ್ಕೂ ಉಂಗುರಕ್ಕೂ ದೇವಸದನಕ್ಕೂ ಬೇರೆ ಬೇರೆ ನಾದಖಂಡಗಳಿರುವವು. 2ನೆಯ ನಾಟಕದಲ್ಲಿ ನಾಯಿಕೆಯು ತನ್ನ ಮದುವೆಯ ದಿನ ಬಂದ ಅಪರಿಚಿತ ವೃದ್ಧನ ಸಂಗತಿಯನ್ನು ಹೇಳುವಾಗ ದೇವಸದನದ ನಾದವು ಕೇಳಿಬರುವದು. ಅವಳಿಗೆ ತಿಳಿಯದ ಹೆಸರು ಶ್ರೋತೃವಿಗೆ ತಿಳಿಯುವದು: ಆ ವೃದ್ಧನು ದೇವರಾಜನಾದ ವೋಟಾನನೇ! ಇಲ್ಲಿ ನಾದವು ಪಾತ್ರಕ್ಕಿಂತ ಪ್ರೇಕ್ಷಕನನ್ನು ಹೆಚ್ಚು ಅರಿತವನನ್ನಾಗಿ ಮಾಡಿದೆ.

ಕುಂದಗೋಳ ತಾಲೂಕಿನ ಯರಗುಪ್ಪಿ ಮೊದಲಾದ ಗ್ರಾಮಗಳ ಸಂಗೀತರಸಿಕರಿಗೆ ಈ ವಿಷಯವನ್ನು ಪರದೇಶದಿಂದ ತಂದು ಕಲಿಸಬೇಕಾಗಿಲ್ಲ. ಸವಾಯಿ ಗಂಧರ್ವರೆಂದು ಖ್ಯಾತರಾದ ರಾಮಭಾವು ಕುಂದಗೋಳಕರರು (1886-1952) ಆ ನೆಲದವರು. ಗಾಯನಸಭೆಗಳಲ್ಲಿಯೂ ಮರಾಠಿ ರಂಗಭೂಮಿಯಲ್ಲಿಯೂ ಮೆರೆದವರು. ಕುಂದಗೋಳದ ನಾಡಿಗೇರ ವಾಡೆಯಲ್ಲಿ ಅವರ ಸ್ಮರಣೆಗಾಗಿ ಅಹೋರಾತ್ರಿ ಗಾಯನವು ನಡೆದುಬಂದಿರುವದು. ಖಯಾಲಿನಲ್ಲಿ ಗಾಯಕನು ರಾಗವನ್ನು ಸ್ವಲ್ಪ ಸ್ವಲ್ಪವೇ ಬೆಳೆಸುತ್ತ, ಪ್ರತಿಸಲವೂ ಅದೇ ಮುಖಡಾವನ್ನು ಹಿಡಿದು ಸಮಕ್ಕೆ ಮರಳುವನು. ಸ್ವರಗಳು ಅವೇ, ನಡುವೆ ನಡೆದ ವಿಸ್ತಾರದಿಂದ ಅವುಗಳ ಭಾರವು ಮಾತ್ರ ಹೆಚ್ಚಿರುವದು. ಧಾರಾವಾಹಿಯ ನಾದಖಂಡವೂ ಹೀಗೆಯೇ. ಅದು ಮೊದಲು ಒಂದು ಸನ್ನಿವೇಶದೊಡನೆ ಸೇರುವದು; ಆ ಸೇರುವಿಕೆಯು ಸಂಸ್ಕಾರವಾಗಿ ನಿಲ್ಲುವದು; ಮುಂದೆ ಭಿನ್ನ ಸನ್ನಿವೇಶದಲ್ಲಿ ಮರಳಿದಾಗ ಹಳೆಯದನ್ನು ಎಬ್ಬಿಸಿ ಹೊಸದರ ಪಕ್ಕದಲ್ಲಿ ಇಡುವದು. ಮದುವೆಮನೆಯಲ್ಲಿ ಕೇಳಿದ ನಾದವು ಬರಿದಾದ ಮನೆಯಲ್ಲಿ ವಿಲಂಬಿತವಾಗಿ ಕೇಳಿಬಂದರೆ, ಯಾರೂ ಅಳದಿದ್ದರೂ ಕರುಣವು ಸಿದ್ಧಿಸುವದು.

ಅರ್ಥವು ಸಂಬಂಧದಿಂದ ಹುಟ್ಟುವದಾದುದರಿಂದ ಸಂಬಂಧವು ಕೆಟ್ಟರೆ ಅರ್ಥವೂ ಕೆಡುವದು. ಅನೇಕ ದೈನಂದಿನ ಧಾರಾವಾಹಿಗಳಲ್ಲಿ, ಬಾಗಿಲು ತೆರೆದರೂ ಪತ್ರವು ಹರಿದರೂ ಒಂದೇ ಸಿಡಿಲಿನಂತಹ ವಾದ್ಯಘೋಷವು, ಮುಖಗಳನ್ನು ಸಮೀಪದಿಂದ ತೋರಿಸುತ್ತಿರಲು, ಮೊಳಗುವದು. ಇದು ಆಕ್ಷೇಪಿಕಿಯ ದುರುಪಯೋಗ. ಬೆಂಕಿಯಿಲ್ಲದೆಡೆಯಲ್ಲಿಯೂ ಹೊಗೆ ಕಾಣುವಂತಿದ್ದರೆ ಹೊಗೆಯಿಂದ ಬೆಂಕಿಯನ್ನು ತಿಳಿಯಲಾಗದು. ಎಲ್ಲಕ್ಕೂ ಸಲ್ಲುವ ನಾದವು ಯಾವದನ್ನೂ ತಿಳಿಸಲಾರದು. ಇನ್ನೊಂದು ಕಡೆಯಿಂದ, ಅಂತರ್ಜಾಲದಲ್ಲಿ ಧಾರಾವಾಹಿಯನ್ನು ನೋಡುವವರಿಗೆ ಶೀರ್ಷಿಕೆಗೀತವನ್ನು ಹಾರಿಸುವ ಗುಂಡಿಯು ದೊರೆತಿದೆ. ಅದನ್ನು ಒತ್ತಿದವನು ಒಂದು ನಿಮಿಷವನ್ನು ಉಳಿಸಿಕೊಳ್ಳುವನು. ಆದರೆ ಸಂಸ್ಕಾರವು ಬೇರೂರುವ ಕಾಲವನ್ನೂ ಅದರೊಡನೆ ಕಳೆದುಕೊಳ್ಳುವನು.

ಮುದ್ರಿತವಾದ ಸಂಭಾಷಣೆಯನ್ನಷ್ಟೇ ಪಾಠವೆಂದು ಬೋಧಿಸಿದರೆ ದೃಶ್ಯಕಾವ್ಯದ ವ್ಯಂಗ್ಯಾರ್ಥದಲ್ಲಿ ಒಂದು ದೊಡ್ಡ ಭಾಗವು ವಿದ್ಯಾರ್ಥಿಗೆ ದಕ್ಕದೆ ಹೋಗುವದು. ನಾದಖಂಡವು ಎಲ್ಲಿ ಮೊದಲು ಬಂತು, ಎಲ್ಲಿ ಮರಳಿತು, ಮರಳುವಾಗ ವಾದ್ಯವೋ ಲಯವೋ ಬದಲಾಯಿತೇ, ಆ ಹೊತ್ತಿಗೆ ಪಾತ್ರವು ಏನನ್ನು ಹೇಳದೆ ಉಳಿಸಿತು — ಈ 4 ಸಂಗತಿಗಳನ್ನು ಒಂದೊಂದು ಕಂತಿಗೂ ಬರೆದಿಡುವ ಅಭ್ಯಾಸವನ್ನು ತರಗತಿಯಲ್ಲಿ ಮಾಡಿಸಬಹುದು. ಧ್ವನಿಸಿದ್ಧಾಂತವನ್ನು ಕಾರಿಕೆಗಳಲ್ಲಿ ಮಾತ್ರ ಓದಿದ ವಿದ್ಯಾರ್ಥಿಗೆ ಅದನ್ನು ಕಿವಿಯಾರೆ ಕೇಳುವ ಅವಕಾಶವು ಇದರಿಂದ ಒದಗುವದು.