ಎರಡಂತಸ್ತಿನ ಮನೆ, ಎರಡು ಬಗೆಯ ಬಿಸಿ: ರೋಗಿಯ ಮಂಚ ಎಲ್ಲಿರಬೇಕು?

ಸಿಕಂದರಾಬಾದಿನ ಎರಡಂತಸ್ತಿನ ಮನೆಗಳಲ್ಲಿ ಏಪ್ರಿಲ್, ಮೇ ತಿಂಗಳ ಅನುಭವ ಸಾಮಾನ್ಯವಾಗಿ ಒಂದೇ. ಕೆಳಗಿನ ಕೋಣೆಯಲ್ಲಿ ಹೇಗೋ ಇರಬಹುದು, ಮೇಲಿನ ಕೋಣೆಯಲ್ಲಿ ರಾತ್ರಿ ನಿದ್ದೆ ಬಾರದು. ಆರೋಗ್ಯವಂತರಿಗೆ ಇದು ಕಿರಿಕಿರಿ ಅಷ್ಟೇ. ಆದರೆ ವಯಸ್ಸಾದವರಿಗೆ, ಹೃದಯ, ಮೂತ್ರಪಿಂಡ ಅಥವಾ ಸಕ್ಕರೆ ಕಾಯಿಲೆ ಇರುವವರಿಗೆ, ಹಾಸಿಗೆ ಹಿಡಿದವರಿಗೆ ಮತ್ತು ಎಳೆಮಕ್ಕಳಿಗೆ ಇದು ಅಪಾಯ.

ಮೇಲಿನ ಮಹಡಿ ಏಕೆ ಹೆಚ್ಚು ಬಿಸಿ?

ತಾರಸಿಯ ಕಾಂಕ್ರೀಟು ಹಗಲೆಲ್ಲ ಬಿಸಿಲನ್ನು ಹೀರಿಕೊಂಡು, ಆ ಶಾಖವನ್ನು ನಿಧಾನವಾಗಿ ಕೆಳಗಿನ ಕೋಣೆಗೆ ಬಿಡುತ್ತದೆ. ಸೂರ್ಯ ಮುಳುಗಿ ಹೊರಗೆ ತಂಪಾದ ಮೇಲೂ ಸೂರು ಬಿಸಿಯಾಗಿಯೇ ಇರುವುದು ಇದರಿಂದ. ಜೊತೆಗೆ, ಬಿಸಿ ಗಾಳಿ ಹಗುರ. ಅದು ಮೆಟ್ಟಿಲ ದಾರಿಯಲ್ಲಿ ಏರಿ ಮೇಲೆ ಸೇರಿಕೊಳ್ಳುತ್ತದೆ. ಕೆಳಗಿನ ಅಂತಸ್ತಿಗೆ ಮೇಲಿನ ಅಂತಸ್ತೇ ಕೊಡೆ.

ಹಗಲಿನ ಬಿಸಿಗೆ ದಣಿದ ದೇಹ ರಾತ್ರಿ ಸುಧಾರಿಸಿಕೊಳ್ಳಬೇಕು. ರಾತ್ರಿಯೂ ಬಿಸಿಯಿದ್ದರೆ ಹೃದಯಕ್ಕೆ ವಿಶ್ರಾಂತಿ ಸಿಗುವುದಿಲ್ಲ.

ಮೊದಲು ಅಳೆಯಿರಿ

ಗೋಡೆಗೆ ತೂಗುಹಾಕುವ ಸಾಧಾರಣ ಥರ್ಮಾಮೀಟರ್ ಸಾಕು. ಎರಡೂ ಮಹಡಿಗಳಲ್ಲಿ, ಮಂಚದ ಎತ್ತರದಲ್ಲಿ, ಬಿಸಿಲು ತಾಗದ ಕಡೆ ಇಟ್ಟು ಮಧ್ಯಾಹ್ನ 3 ಗಂಟೆಗೆ ಮತ್ತು ರಾತ್ರಿ 10 ಗಂಟೆಗೆ ಬರೆದುಕೊಳ್ಳಿ. ಕೋಣೆಯ ಉಷ್ಣತೆ ಹಗಲು 32 ಡಿಗ್ರಿ, ರಾತ್ರಿ 24 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಇರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮೇ ತಿಂಗಳಲ್ಲಿ ಇದು ಕಷ್ಟವೇ. ಆದರೂ ಯಾವ ಕೋಣೆ ಇದಕ್ಕೆ ಹತ್ತಿರವಿದೆಯೋ ಅದು ರೋಗಿಯ ಕೋಣೆಯಾಗಲಿ.

ಖರ್ಚಿಲ್ಲದ ಮೊದಲ ಹೆಜ್ಜೆ

ಬೇಸಿಗೆ ಮುಗಿಯುವವರೆಗೆ ಮಂಚವನ್ನು ಕೆಳಗಿನ ಅಂತಸ್ತಿಗೆ ತನ್ನಿ. ನಡುಮನೆಯಾದರೂ ಸರಿ, ಒಂದು ಪರದೆ ಕಟ್ಟಿದರಾಯಿತು. ಮೆಟ್ಟಿಲು ಹತ್ತಿಳಿಯುವಾಗ ಬೀಳುವ ಭಯವೂ ಇರುವುದಿಲ್ಲ.

ಮೇಲೆಯೇ ಇರಬೇಕಾದರೆ

• ತಾರಸಿಗೆ ಬಿಳಿ ಸುಣ್ಣ ಅಥವಾ ಬಿಸಿಲನ್ನು ಹಿಂದಕ್ಕೆ ಕಳಿಸುವ ಬಿಳಿ ಬಣ್ಣ ಬಳಿಸಿ. 2017ರಲ್ಲಿ ಹೈದರಾಬಾದಿನ ದೇವರಕೊಂಡ ಬಸ್ತಿಯ ಚಿಕ್ಕ ಮನೆಗಳ ಮೇಲೆ ಬಿಸಿಲು ತಡೆಯುವ ಹೊದಿಕೆ ಹಾಕಿ ನೋಡಿದಾಗ ಒಳಗಿನ ಉಷ್ಣತೆ ಸರಾಸರಿ 2 ಡಿಗ್ರಿ ಕಡಿಮೆಯಿತ್ತು. ತೆಲಂಗಾಣ ಸರ್ಕಾರ 2023ರಲ್ಲಿ ತಂಪು ಛಾವಣಿ ನೀತಿಯನ್ನೂ ತಂದಿದೆ. ಧೂಳು ಕೂತರೆ ಬಣ್ಣದ ಗುಣ ಕುಗ್ಗುತ್ತದೆ, ಆದ್ದರಿಂದ ಬೇಸಿಗೆಗೆ ಮೊದಲು ತೊಳೆಸಿ.

• ಪಶ್ಚಿಮದ ಕಿಟಕಿಗೆ ಹೊರಗಿನಿಂದ ನೆರಳು ಮಾಡಿ. ಬಿದಿರಿನ ತಟ್ಟಿ, ಹಸಿರು ಬಲೆ ಯಾವುದಾದರೂ ಆದೀತು. ಬಿಸಿಲು ಗಾಜು ದಾಟಿ ಒಳಬಂದ ಮೇಲೆ ಪರದೆ ಎಳೆದರೆ ಲಾಭ ಕಡಿಮೆ.

• ಹಗಲು ಹೊರಗಿನ ಗಾಳಿ ಒಳಗಿನದಕ್ಕಿಂತ ಬಿಸಿಯಿರುವಾಗ ಕಿಟಕಿ ಮುಚ್ಚಿ. ರಾತ್ರಿ ಹೊರಗೆ ತಂಪಾದ ಮೇಲೆ ಕೆಳಗಿನ ಕಿಟಕಿಗಳನ್ನೂ ತಾರಸಿಯ ಬಾಗಿಲನ್ನೂ ತೆರೆಯಿರಿ. ಬಿಸಿ ಗಾಳಿ ಮೇಲಿಂದ ಹೊರಹೋಗಿ, ಕೆಳಗಿನಿಂದ ತಂಪು ಗಾಳಿ ಬರುತ್ತದೆ. ಬಾಗಿಲಿಗೆ ಸೊಳ್ಳೆ ಜಾಲರಿ, ಬೀಗದ ಗ್ರಿಲ್ ಇರಲಿ.

• ಮೇಲಿನ ಕೋಣೆಯಲ್ಲಿ ಎ.ಸಿ. ಹಾಕಿದಾಗ ಕೋಣೆಯ ಬಾಗಿಲು ಮುಚ್ಚಿ. ತಂಪು ಗಾಳಿ ಭಾರ, ಮೆಟ್ಟಿಲಿಳಿದು ಹೋಗಿಬಿಡುತ್ತದೆ. 27 ಡಿಗ್ರಿಗೆ ಇಟ್ಟು ಜೊತೆಗೆ ಫ್ಯಾನು ಹಾಕಿದರೆ ಇನ್ನೂ ಸುಮಾರು 4 ಡಿಗ್ರಿ ತಂಪಿದ್ದಂತೆ ಅನಿಸುತ್ತದೆ, ಕರೆಂಟೂ ಉಳಿಯುತ್ತದೆ.

• ಕೂಲರ್ ಒಣ ಹವೆಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಕಿಟಕಿ ಸ್ವಲ್ಪ ತೆರೆದಿರಬೇಕು. ನೀರನ್ನು ಆಗಾಗ ಬದಲಿಸಿ, ಇಲ್ಲವಾದರೆ ಸೊಳ್ಳೆ ಹುಟ್ಟುತ್ತವೆ.

• ಕೋಣೆ 40 ಡಿಗ್ರಿ ದಾಟಿದ್ದರೆ ಫ್ಯಾನನ್ನೇ ನಂಬಬೇಡಿ. ಅದು ಬೀಸುವುದು ಬಿಸಿ ಗಾಳಿಯನ್ನು. ರೋಗಿಯನ್ನು ಕೆಳಗೆ ಕರೆತನ್ನಿ.

ಔಷಧಿ, ನೀರು

ಮೂತ್ರ ಹೆಚ್ಚಿಸುವ ಮಾತ್ರೆ, ರಕ್ತದೊತ್ತಡದ ಮತ್ತು ಮಾನಸಿಕ ಕಾಯಿಲೆಯ ಕೆಲವು ಔಷಧಿಗಳು ದೇಹ ಬಿಸಿಯನ್ನು ತಾಳುವ ಶಕ್ತಿಯನ್ನು ತಗ್ಗಿಸಬಹುದು. ನೀವಾಗಿಯೇ ನಿಲ್ಲಿಸಬೇಡಿ, ಬೇಸಿಗೆಯ ಮೊದಲೇ ವೈದ್ಯರನ್ನು ಕೇಳಿ. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಗೆ ನೀರಿನ ಮಿತಿ ಹೇಳಿದ್ದರೆ ಈಗ ಎಷ್ಟು ಕುಡಿಯಬಹುದೆಂದೂ ಕೇಳಿಕೊಳ್ಳಿ. ಇನ್ಸುಲಿನ್ ಮತ್ತು ಇತರ ಔಷಧಿಗಳನ್ನು ಮೇಲಿನ ಕೋಣೆಯ ಬೀರುವಿನಲ್ಲಿ ಇಡಬೇಡಿ. ಪೊಟ್ಟಣದ ಮೇಲೆ ಬರೆದಂತೆ ಇಡಿ.

ತಡಮಾಡಬಾರದ ಲಕ್ಷಣಗಳು

ಮೈ ಸುಡುವುದು, ಗೊಂದಲದ ಮಾತು, ತೂಕಡಿಕೆ, ಸೆಳೆತ, ಎಚ್ಚರ ತಪ್ಪುವುದು: ಇವು ಬಿಸಿಲಾಘಾತದ ಸೂಚನೆಗಳು. ಬೆವರು ಇದ್ದರೂ ಇರಬಹುದು, ಇಲ್ಲದಿರಬಹುದು. ಕೂಡಲೇ 108ಕ್ಕೆ ಕರೆ ಮಾಡಿ. ಆಂಬುಲೆನ್ಸ್ ಬರುವವರೆಗೆ ತಂಪಾದ ಕಡೆ ಮಲಗಿಸಿ, ಬಟ್ಟೆ ಸಡಿಲಿಸಿ, ಮೈಗೆ ನೀರು ಹಚ್ಚಿ ಗಾಳಿ ಬೀಸಿ. ಕಂಕುಳು, ಕತ್ತು, ತೊಡೆಸಂದಿಗೆ ಬಟ್ಟೆಯಲ್ಲಿ ಸುತ್ತಿದ ಐಸ್ ಇಡಿ. ಪೂರ್ತಿ ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬೇಡಿ. ಪ್ಯಾರಾಸಿಟಮಾಲ್ ಇದಕ್ಕೆ ಮದ್ದಲ್ಲ.

ಚಳಿಗಾಲದಲ್ಲಿ

ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಅದೇ ತಾರಸಿ ಬೇಗ ತಣ್ಣಗಾಗುತ್ತದೆ. ಆಗಲೂ ವಯಸ್ಸಾದವರಿಗೆ ಕೆಳಗಿನ ಕೋಣೆಯೇ ಹಿತ. ಬೆಚ್ಚಗಿಡಲೆಂದು ಮುಚ್ಚಿದ ಕೋಣೆಯಲ್ಲಿ ಇದ್ದಿಲ ಕೆಂಡ ಇಡಬೇಡಿ. ಅದರಿಂದ ಬರುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ವಾಸನೆಯಿಲ್ಲ, ನಿದ್ದೆಯಲ್ಲೇ ಪ್ರಾಣ ತೆಗೆಯಬಲ್ಲದು.