ಗಡಸು ನೀರು ಮತ್ತು ಮಗುವಿನ ಇಸುಬು: ತಪ್ಪು ನಲ್ಲಿಯದ್ದಾ?

ಕೆಮಿಸ್ಟ್ರಿ ಸೈಕಲ್ ದಾಟಿ ಬಂದವರೆಲ್ಲ ಈ ಪ್ರಯೋಗ ಮಾಡಿಯೇ ಇರ್ತೀವಿ. ಫ್ಲಾಸ್ಕಿನಲ್ಲಿ ನೀರು, ಅದಕ್ಕೆ ಬಫರ್, ಒಂದು ಚಿಟಿಕೆ ಎರಿಯೋಕ್ರೋಮ್ ಬ್ಲ್ಯಾಕ್ ಟಿ, ಮೇಲಿಂದ ಹನಿಹನಿಯಾಗಿ ಇಡಿಟಿಎ. ವೈನ್ ಕೆಂಪು ನೀಲಿಯಾದರೆ ಎಂಡ್ ಪಾಯಿಂಟ್. ರೆಕಾರ್ಡಿನಲ್ಲಿ ‘ಗಡಸುತನ ಇಷ್ಟು ಪಿಪಿಎಂ’ ಅಂತ ಬರೆದು ಸಹಿ ಹಾಕಿಸಿಕೊಂಡರೆ ಆ ಸಂಖ್ಯೆಯ ಕಥೆ ಅಲ್ಲಿಗೆ ಮುಗಿಯಿತು.

ಆದರೆ ಮನೆಯಲ್ಲಿ ಅದು ಬೇರೆ ರೂಪದಲ್ಲಿ ಎದುರಾಗಬಹುದು. ಅಕ್ಕನ ಮಗುವಿಗೆ ಮೈಯೆಲ್ಲ ತುರಿಕೆ. ಬೋರ್‌ವೆಲ್ ನೀರಿನಿಂದಲೇ ಹೀಗಾಗಿದೆ ಅಂತ ಯಾರೋ ಹೇಳಿದ್ದಾರೆ. “ನೀನು ಎಂಜಿನಿಯರಿಂಗ್ ಓದ್ತಿದ್ದೀಯಲ್ಲ, ಸಾಫ್ಟ್‌ನರ್ ಹಾಕಿಸಿದ್ರೆ ವಾಸಿ ಆಗುತ್ತಾ ಹೇಳು” ಅಂತ ನಮ್ಮನ್ನೇ ಕೇಳ್ತಾರೆ. ಹೌದು ಅಥವಾ ಇಲ್ಲ ಅಂತ ಒಂದೇ ಮಾತಲ್ಲಿ ಹೇಳೋಕೆ ಆಗದ ಪ್ರಶ್ನೆ ಇದು. ಯಾಕೆ ಅಂತ ನೋಡೋಣ.

ಇಸುಬು ಅಂದರೆ ಏನು?

ಎಕ್ಸಿಮಾಕ್ಕೆ ಕನ್ನಡದಲ್ಲಿ ಇಸುಬು ಅಂತಾರೆ. ಮಕ್ಕಳಲ್ಲಿ ಹೆಚ್ಚಾಗಿ ಕಾಣಿಸುವುದು ಅಟೋಪಿಕ್ ಡರ್ಮಟೈಟಿಸ್ ಎಂಬ ಬಗೆ. ಸಾಮಾನ್ಯವಾಗಿ ಹುಟ್ಟಿದ ಮೊದಲ ಒಂದೆರಡು ವರ್ಷದಲ್ಲೇ ಶುರುವಾಗುತ್ತದೆ. ಕೂಸುಗಳಿಗೆ ಕೆನ್ನೆಯ ಮೇಲೆ, ಸ್ವಲ್ಪ ದೊಡ್ಡವರಾದ ಮೇಲೆ ಮೊಣಕೈ ಮಡಿಕೆಯಲ್ಲಿ, ಮಂಡಿಯ ಹಿಂದೆ. ಚರ್ಮ ಒಣಗಿ ಕೆರಳುತ್ತದೆ, ಕೆರೆದಷ್ಟೂ ತುರಿಕೆ ಜಾಸ್ತಿ. ರಾತ್ರಿ ಮಗುವಿಗೂ ನಿದ್ದೆ ಇಲ್ಲ, ಅಪ್ಪ ಅಮ್ಮನಿಗೂ ಇಲ್ಲ.

ಇದು ಅಂಟುರೋಗ ಅಲ್ಲ. ಆದರೂ ‘ಕಜ್ಜಿ’ ಅಂದುಕೊಂಡು ಬೇರೆ ಮಕ್ಕಳನ್ನು ದೂರ ಕೂರಿಸುವವರಿದ್ದಾರೆ. ಬಾಣಂತನದ ಪಥ್ಯ ಸರಿ ಮಾಡಿಲ್ಲ ಅಂತ ತಾಯಿಯನ್ನು ಅನ್ನುವವರೂ ಇದ್ದಾರೆ. ಕಾರಣ ಗೊತ್ತಿಲ್ಲದ ಕಡೆ ತಪ್ಪು ಹೊರಿಸುವುದು ಸುಲಭ. ಅದಕ್ಕೇ ಕಾರಣದ ವಿಷಯ ಸ್ವಲ್ಪ ನಿಧಾನವಾಗಿ ಅರ್ಥ ಮಾಡಿಕೊಳ್ಳಬೇಕು.

ಇಟ್ಟಿಗೆ ಮತ್ತು ಗಾರೆ

ಚರ್ಮದ ಹೊರಪದರವನ್ನು ವಿಜ್ಞಾನಿಗಳು ಇಟ್ಟಿಗೆ ಗೋಡೆಗೆ ಹೋಲಿಸುತ್ತಾರೆ. ಸತ್ತ, ಚಪ್ಪಟೆ ಜೀವಕೋಶಗಳೇ ಇಟ್ಟಿಗೆ. ನಡುವೆ ಸೆರಮೈಡ್, ಕೊಲೆಸ್ಟ್ರಾಲ್, ಕೊಬ್ಬಿನಾಮ್ಲಗಳ ಗಾರೆ. ಒಳಗಿನ ತೇವ ಆಚೆ ಹೋಗದ ಹಾಗೆ, ಆಚೆಯ ಕೆರಳಿಸುವ ವಸ್ತುಗಳು ಒಳಗೆ ಬರದ ಹಾಗೆ ತಡೆಯುವುದು ಈ ಗೋಡೆಯ ಕೆಲಸ. ಫಿಲಾಗ್ರಿನ್ ಅನ್ನೋ ಪ್ರೋಟೀನ್ ಈ ಇಟ್ಟಿಗೆಗಳನ್ನು ಗಟ್ಟಿ ಮಾಡುತ್ತದೆ. ಆಮೇಲೆ ಅದೇ ಒಡೆದು, ಚರ್ಮದಲ್ಲಿ ತೇವ ಹಿಡಿದಿಡುವ ಸಣ್ಣ ಅಣುಗಳಾಗುತ್ತದೆ. ಫಿಲಾಗ್ರಿನ್ ಜೀನಿನಲ್ಲಿ ದೋಷ ಇದ್ದರೆ ಇಸುಬಿನ ಸಾಧ್ಯತೆ ಬಹಳ ಹೆಚ್ಚು ಅಂತ 2006ರಲ್ಲಿ ಗೊತ್ತಾಯಿತು.

ಹಾಗಂತ ಎಲ್ಲ ಜೀನ್ ಮೇಲೆ ಹಾಕುವ ಹಾಗಿಲ್ಲ. ಯುರೋಪಿನವರಲ್ಲಿ ಸುಮಾರು 10% ಜನರಲ್ಲಿ ಈ ದೋಷ ಇದೆ, ಅವರಲ್ಲಿ ಎಷ್ಟೋ ಜನಕ್ಕೆ ಇಸುಬು ಬಂದೇ ಇಲ್ಲ. ದೋಷ ಇಲ್ಲದ ಎಷ್ಟೋ ಮಕ್ಕಳಿಗೆ ಬಂದಿದೆ. ಗೋಡೆ ಹುಟ್ಟಿನಿಂದ ಎಷ್ಟು ಗಟ್ಟಿ ಅನ್ನೋದು ಒಂದು ವಿಷಯ, ಅದರ ಮೇಲೆ ದಿನಾ ಬೀಳುವ ಲೋಡ್ ಎಷ್ಟು ಅನ್ನೋದು ಇನ್ನೊಂದು. ಪರಿಸರದ ಪಾತ್ರ ಬರುವುದು ಈ ಎರಡನೆಯದರಲ್ಲಿ.

ನಾಟಿಂಗ್‌ಹ್ಯಾಮ್‌ನಲ್ಲಿ ಕಂಡದ್ದು

1998ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಪ್ರದೇಶದ ಶಾಲಾ ಮಕ್ಕಳ ಒಂದು ಅಧ್ಯಯನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಪ್ರಾಥಮಿಕ ಶಾಲೆಯ 4,141 ಮಕ್ಕಳನ್ನು ಅವರ ಮನೆಯ ನೀರಿನ ಗಡಸುತನದ ಜೊತೆ ಹೋಲಿಸಿ ನೋಡಿದ್ದರು. ಅತಿ ಮೆದು ನೀರಿನ ಕಡೆ ಒಂದು ವರ್ಷದಲ್ಲಿ ಇಸುಬು ಕಂಡ ಮಕ್ಕಳು 12%, ಅತಿ ಗಡಸು ನೀರಿನ ಕಡೆ 17.3%. ಮನೆಯ ಆರ್ಥಿಕ ಸ್ಥಿತಿಯಂಥ ಅಂಶಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ವ್ಯತ್ಯಾಸ ಉಳಿಯಿತು. ಪ್ರೌಢಶಾಲೆಯ ಮಕ್ಕಳಲ್ಲಿ ಮಾತ್ರ ಇದು ಸ್ಪಷ್ಟವಾಗಿ ಕಾಣಲಿಲ್ಲ. 2016ರಲ್ಲಿ ಬ್ರಿಟನ್ನಿನ 3 ತಿಂಗಳ 1,303 ಕೂಸುಗಳನ್ನು ನೋಡಿದಾಗಲೂ ಗಡಸು ನೀರಿನ ಮನೆಗಳಲ್ಲೇ ಇಸುಬು ಹೆಚ್ಚಿತ್ತು.

ಇದು ಬರೀ ಕೋರಿಲೇಷನ್ ಅಲ್ವಾ ಅಂತ ನೀವು ಕೇಳ್ತೀರಿ. ಸರಿ, ಮೆಕ್ಯಾನಿಸಂ ಏನಿರಬಹುದು ನೋಡೋಣ.

ಸೋಪು ಅಂದರೆ ಕೊಬ್ಬಿನಾಮ್ಲದ ಸೋಡಿಯಂ ಲವಣ. ಗಡಸು ನೀರಿನ ಕ್ಯಾಲ್ಸಿಯಂ ಸಿಕ್ಕ ತಕ್ಷಣ ಅದು ನೊರೆ ಬಿಡದೆ, ಕರಗದ ಬಿಳಿ ಗಸಿಯಾಗುತ್ತದೆ. ಬಕೆಟ್ಟಿನ ಒಳಗೋಡೆಗೆ ಅಂಟಿರುತ್ತಲ್ಲ, ಅದೇ. ನೊರೆ ಬರಲಿಲ್ಲ ಅಂತ ನಾವು ಇನ್ನಷ್ಟು ಸೋಪು ಉಜ್ಜುತ್ತೇವೆ, ಅದು ಮೈಮೇಲೂ ಉಳಿಯುತ್ತದೆ. 2018ರ ಒಂದು ಪ್ರಯೋಗದಲ್ಲಿ 80 ಜನರ ಚರ್ಮಕ್ಕೆ ಸೋಡಿಯಂ ಲಾರಿಲ್ ಸಲ್ಫೇಟ್ ಹಚ್ಚಿ, ಬೇರೆ ಬೇರೆ ಗಡಸುತನದ ನೀರಿನಲ್ಲಿ ತೊಳೆದು ನೋಡಿದರು. ನೀರು ಗಡಸಾದಷ್ಟೂ ಚರ್ಮದ ಮೇಲೆ ಉಳಿದ ಡಿಟರ್ಜೆಂಟ್ ಹೆಚ್ಚು, ಉರಿಯೂತವೂ ಹೆಚ್ಚು.

ಇದರ ಜೊತೆಗೆ ಪಿಎಚ್ ಇದೆ. ಆರೋಗ್ಯವಂತ ಚರ್ಮದ ಪಿಎಚ್ ಸುಮಾರು 5, ಸಾಮಾನ್ಯ ಸೋಪಿನದು 9ರಿಂದ 10. ಪಿಎಚ್ ಏರಿದಾಗ ಇಟ್ಟಿಗೆಗಳ ನಡುವಿನ ಕೊಂಡಿ ಕತ್ತರಿಸುವ ಕಿಣ್ವಗಳು ಚುರುಕಾಗುತ್ತವೆ, ಗಾರೆ ತಯಾರಾಗುವುದು ನಿಧಾನವಾಗುತ್ತದೆ. ಮೊದಲೇ ಸಡಿಲ ಇದ್ದ ಗೋಡೆ ಇನ್ನಷ್ಟು ಸಡಿಲವಾಗುತ್ತದೆ.

ಹಾಗಾದ್ರೆ ಸಾಫ್ಟ್‌ನರ್ ಹಾಕಿದರೆ ಸಾಕಲ್ಲ?

ಕೋರಿಲೇಷನ್ ಸಿಕ್ಕಿತು, ಮೆಕ್ಯಾನಿಸಂ ಸಿಕ್ಕಿತು. ನಮ್ಮಂಥವರಾದರೆ ಇಲ್ಲಿಗೇ ರಿಪೋರ್ಟ್ ಮುಗಿಸಿಬಿಡ್ತೀವಿ. ಬ್ರಿಟನ್ನಿನವರು ಒಂದು ಹೆಜ್ಜೆ ಮುಂದೆ ಹೋಗಿ ಟ್ರಯಲ್ ಮಾಡಿದರು, ಫಲಿತಾಂಶ 2011ರಲ್ಲಿ ಪ್ರಕಟವಾಯಿತು. ಗಡಸು ನೀರಿನ ಊರುಗಳಲ್ಲಿರುವ, 6 ತಿಂಗಳಿಂದ 16 ವರ್ಷದೊಳಗಿನ, ಇಸುಬು ಇರುವ 336 ಮಕ್ಕಳು. ಅರ್ಧದಷ್ಟು ಮನೆಗಳಿಗೆ ಅಯಾನ್ ಎಕ್ಸ್‌ಚೇಂಜ್ ಸಾಫ್ಟ್‌ನರ್ ಕೂರಿಸಿ 12 ವಾರ ಕಾದರು. ಉಳಿದ ಮನೆಗಳಲ್ಲಿ ಎಂದಿನ ಔಷಧ, ಎಂದಿನ ನೀರು. ಚರ್ಮ ಪರೀಕ್ಷಿಸುವ ನರ್ಸ್‌ಗಳಿಗೆ ಯಾವ ಮನೆಯಲ್ಲಿ ಸಾಫ್ಟ್‌ನರ್ ಇದೆ ಅಂತ ಹೇಳಿರಲಿಲ್ಲ.

ಸಾಫ್ಟ್‌ನರ್ ಇದ್ದ ಮಕ್ಕಳಲ್ಲಿ ಇಸುಬು ಸುಮಾರು 20% ಕಡಿಮೆಯಾಯಿತು. ಇಲ್ಲದ ಮಕ್ಕಳಲ್ಲಿ? 22%. ಅಂದರೆ ಸಾಫ್ಟ್‌ನರ್‌ನಿಂದ ಆದ ಲಾಭ ಸೊನ್ನೆ.

ಕಂಟ್ರೋಲ್ ಗುಂಪು ಇಲ್ಲದೇ ಇದ್ದಿದ್ದರೆ “ಸಾಫ್ಟ್‌ನರ್ ಹಾಕಿದೆವು, 20% ಗುಣ ಆಯ್ತು” ಅಂತ ಎಲ್ಲರೂ ನಂಬುತ್ತಿದ್ದರು. ಇಸುಬು ತಾನಾಗಿಯೇ ಏರಿಳಿಯುವ ಕಾಯಿಲೆ. ಜನ ಏನಾದರೂ ಹೊಸದು ಮಾಡುವುದು ಅದು ಜೋರಾಗಿದ್ದಾಗ, ಆಮೇಲೆ ಅದು ಹೇಗೂ ಸ್ವಲ್ಪ ಇಳಿಯುತ್ತದೆ. “ನಮ್ಮ ಮಗುವಿಗೆ ಇದರಿಂದಲೇ ವಾಸಿಯಾಯ್ತು” ಅನ್ನೋ ಎಷ್ಟೋ ಮಾತುಗಳ ಹಿಂದೆ ಇರುವುದು ಇದೇ. ಅವರು ಸುಳ್ಳು ಹೇಳುತ್ತಿಲ್ಲ, ಅವರ ಬಳಿ ಕಂಟ್ರೋಲ್ ಗುಂಪು ಇಲ್ಲ ಅಷ್ಟೇ.

ಮೂರು ಬೇರೆ ಬೇರೆ ಪ್ರಶ್ನೆಗಳು

ಇಲ್ಲಿ ಮೂರು ಪ್ರಶ್ನೆಗಳು ಒಂದರೊಳಗೊಂದು ಸೇರಿಕೊಂಡಿವೆ. ಇಸುಬು ಶುರುವಾಗಲು ಏನು ಕಾರಣ? ಇದ್ದದ್ದು ಕೆರಳಲು ಏನು ಕಾರಣ? ಏನು ಮಾಡಿದರೆ ಇಳಿಯುತ್ತದೆ? ಒಂದರ ಉತ್ತರ ಇನ್ನೊಂದಕ್ಕೆ ತಾನಾಗಿ ಹೊಂದುವುದಿಲ್ಲ. ಗಡಸು ನೀರು ಕೂಸಿನ ಮೊದಲ ತಿಂಗಳುಗಳಲ್ಲಿ ಪಾತ್ರ ವಹಿಸಬಹುದು. ಆದರೆ ಕಾಯಿಲೆ ಬೇರೂರಿದ ಮೇಲೆ ನೀರನ್ನು ಮೆದು ಮಾಡಿದರೆ ಅದು ಹಿಂದಕ್ಕೆ ಹೋಗುವುದಿಲ್ಲ.

ಮಾಯಿಶ್ಚರೈಸರ್ ವಿಷಯದಲ್ಲಿ ಇದು ತಿರುವುಮುರುವು. ಇಸುಬು ಇರುವ ಮಕ್ಕಳಿಗೆ ಅದೇ ದಿನನಿತ್ಯದ ಆರೈಕೆಯ ಬುನಾದಿ. ಹಾಗಾದರೆ ಹುಟ್ಟಿದಾಗಿನಿಂದಲೇ ಹಚ್ಚಿದರೆ ಇಸುಬು ಬರದಂತೆ ತಡೆಯಬಹುದಲ್ಲ? ಅದನ್ನೂ ಬ್ರಿಟನ್ನಿನಲ್ಲಿ ಪರೀಕ್ಷಿಸಿದರು. ಮನೆಯಲ್ಲಿ ಅಲರ್ಜಿ ಕಾಯಿಲೆ ಇರುವ ಕುಟುಂಬಗಳ 1,394 ನವಜಾತ ಶಿಶುಗಳು, ಅರ್ಧದಷ್ಟು ಮಕ್ಕಳಿಗೆ ಒಂದು ವರ್ಷ ದಿನಾ ಮಾಯಿಶ್ಚರೈಸರ್. 2020ರಲ್ಲಿ ಫಲಿತಾಂಶ ಬಂತು. 2 ವರ್ಷದ ಹೊತ್ತಿಗೆ ಹಚ್ಚಿದವರಲ್ಲಿ 23%, ಹಚ್ಚದವರಲ್ಲಿ 25% ಮಕ್ಕಳಿಗೆ ಇಸುಬು. ಹೆಚ್ಚುಕಡಿಮೆ ಒಂದೇ.

ನೀರೊಂದೇ ಅಲ್ಲ

ಒಣಹವೆ ದೊಡ್ಡ ಲೋಡ್. ತೇವಾಂಶ ಕಡಿಮೆ ಇರುವ, ಬಿಸಿಲು ಕಡಿಮೆ ಇರುವ ಪ್ರದೇಶಗಳಲ್ಲಿ ಇಸುಬು ಹೆಚ್ಚು ಅಂತ ಅಮೆರಿಕದ ಮಕ್ಕಳ ಅಂಕಿಅಂಶ ತೋರಿಸಿದೆ. ಬಯಲುಸೀಮೆಯ ಡಿಸೆಂಬರ್ ಚಳಿಯಲ್ಲಿ ಮೈ ಬಿರಿಯುವುದು ನಮಗೆಲ್ಲ ಗೊತ್ತಿರುವುದೇ. ಕರಾವಳಿಯ ಮಕ್ಕಳಿಗೆ ಬೆವರಿನ ಕಾಟ. ಉಣ್ಣೆ ಬಟ್ಟೆ ಚುಚ್ಚುತ್ತದೆ, ಹಾಸಿಗೆಯ ಧೂಳುಹುಳ ಕೆರಳಿಸುತ್ತದೆ.

ಹೊಗೆಯೂ ಅಷ್ಟೇ. 2018ರ ನವೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ‘ಕ್ಯಾಂಪ್ ಫೈರ್’ ಕಾಳ್ಗಿಚ್ಚು ಹೊತ್ತಿಕೊಂಡಿತು. ಅಲ್ಲಿಂದ ಸುಮಾರು 280 ಕಿ.ಮೀ. ದೂರದ ಸ್ಯಾನ್ ಫ್ರಾನ್ಸಿಸ್ಕೋದ ಚರ್ಮರೋಗ ಕ್ಲಿನಿಕ್ಕುಗಳಿಗೆ ಇಸುಬು, ತುರಿಕೆ ಅಂತ ಬರುವವರು ಹೆಚ್ಚಾದರು, ಮಕ್ಕಳೂ ಸೇರಿ. ಜಪಾನಿನ ಸಂಶೋಧಕರು ಇಲಿಗಳಲ್ಲಿ ಇದರ ದಾರಿಯನ್ನೂ ತೋರಿಸಿದ್ದಾರೆ. ಹೊಗೆಯ ಕೆಲವು ಅಣುಗಳು ಚರ್ಮಕೋಶದ ಒಂದು ರಿಸೆಪ್ಟರನ್ನು ತಟ್ಟುತ್ತವೆ, ಆಗ ನರತಂತುಗಳು ಚರ್ಮದ ಮೇಲ್ಪದರಕ್ಕೆ ಚಾಚಿ ತುರಿಕೆ ಹೆಚ್ಚುತ್ತದೆ.

ಮನೆಯವರಿಗೆ ಏನು ಹೇಳೋಣ?

ಮೊದಲು ಒಂದು ಲೆಕ್ಕ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿ.ಗ್ರಾಂ ಇರಬೇಕು, ಬೇರೆ ಮೂಲ ಇಲ್ಲದಿದ್ದರೆ 600ರವರೆಗೆ ನಡೆಯುತ್ತದೆ. ನಿಮ್ಮ ಬೋರ್‌ವೆಲ್ ನೀರು 300 ಅಂತಿಟ್ಟುಕೊಳ್ಳಿ. 20 ಲೀಟರ್ ಬಕೆಟ್ಟಿಗೆ 6 ಗ್ರಾಂ ಆಯಿತು. ಸಾಫ್ಟ್‌ನರ್ ರೆಸಿನ್ನಿನ ಸಾಮರ್ಥ್ಯ ಲೀಟರಿಗೆ ಸುಮಾರು 2 ಈಕ್ವಿವಲೆಂಟ್, ಅಂದರೆ 100 ಗ್ರಾಂ. ನಲ್ಲಿಗೆ ಸಿಕ್ಕಿಸುವ ಪುಟ್ಟ ಫಿಲ್ಟರಿನಲ್ಲಿ 100 ಮಿ.ಲೀ. ರೆಸಿನ್ ಇದ್ದರೂ ಅದು ಹಿಡಿಯುವುದು 10 ಗ್ರಾಂ. ಎರಡು ಬಕೆಟ್ ತುಂಬುವುದರೊಳಗೆ ಖಾಲಿ! ‘ಚರ್ಮದ ಸಮಸ್ಯೆಗೆ ಪರಿಹಾರ’ ಅಂತ ಜಾಹೀರಾತು ಕಂಡರೆ ಈ ಲೆಕ್ಕ ತೋರಿಸಿ. ಪೈಪು, ಗೀಸರ್ ಉಳಿಯಲಿ ಅಂತ ಇಡೀ ಮನೆಗೆ ಸಾಫ್ಟ್‌ನರ್ ಹಾಕಿಸುವುದಾದರೆ ಹಾಕಿಸಲಿ, ಮಗುವಿನ ಇಸುಬಿಗೆ ಅಂತ ಸಾಲ ಮಾಡುವುದು ಬೇಡ.

ಅದಕ್ಕಿಂತ ಕಡಿಮೆ ಖರ್ಚಿನ ಕೆಲಸಗಳಿವೆ. ಸುಡು ನೀರು ಬೇಡ, ಉಗುರುಬೆಚ್ಚಗಿನ ನೀರಿನಲ್ಲಿ ಐದು ಹತ್ತು ನಿಮಿಷದ ಸ್ನಾನ ಸಾಕು. ಸಾಮಾನ್ಯ ಸೋಪಿನ ಬದಲು ಪಿಎಚ್ ಕಡಿಮೆ ಇರುವ ಸೌಮ್ಯ ಕ್ಲೆನ್ಸರ್, ಅದೂ ಬೇಕಾದ ಕಡೆ ಮಾತ್ರ. ಸ್ನಾನದ ನೀರಿಗೆ ಆ್ಯಂಟಿಸೆಪ್ಟಿಕ್ ಸುರಿಯಬಾರದು. ಮೈಯನ್ನು ಒತ್ತಿ ಒರೆಸಿ, ತೇವ ಆರುವ ಮೊದಲೇ ಧಾರಾಳವಾಗಿ ಮಾಯಿಶ್ಚರೈಸರ್ ಹಚ್ಚಬೇಕು. ಹತ್ತಿ ಬಟ್ಟೆ ಹಾಕಿ, ಉಗುರು ಕತ್ತರಿಸಿ, ಮನೆಯೊಳಗೆ ಸಿಗರೇಟು ಸೇದುವುದನ್ನು ನಿಲ್ಲಿಸಿ.

ಚರ್ಮ ಕೆರಳಿದಾಗ ವೈದ್ಯರು ಬರೆದುಕೊಟ್ಟ ಸ್ಟೀರಾಯ್ಡ್ ಮುಲಾಮನ್ನು ಹೇಳಿದಷ್ಟು ದಿನ ಹಚ್ಚಲು ಹೆದರಬೇಕಿಲ್ಲ. ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ಕೊಡುವ ಮಿಶ್ರಣದ ಕ್ರೀಮಿಗೆ ಹೆದರಬೇಕು. ಪರೀಕ್ಷೆ ಮಾಡಿಸದೆ ಹಾಲು, ಮೊಟ್ಟೆ, ಶೇಂಗಾ ಎಲ್ಲ ನಿಲ್ಲಿಸಿದರೆ ಮಗುವಿನ ಬೆಳವಣಿಗೆಗೇ ಪೆಟ್ಟು.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತನ್ನೂ ಹೇಳಿಬಿಡಿ. ಇದು ಅಮ್ಮ ತಿಂದದ್ದರಿಂದಲೋ ಪಥ್ಯ ಬಿಟ್ಟದ್ದರಿಂದಲೋ ಬಂದ ಶಿಕ್ಷೆ ಅಲ್ಲ. ರಾತ್ರಿಯಿಡೀ ಮಗುವಿನ ಕೈ ಹಿಡಿದು ಕೂರುವ ಅಕ್ಕನಿಗೆ, ಸಾಫ್ಟ್‌ನರ್‌ಗಿಂತ ಮೊದಲು ಈ ಮಾತು ಬೇಕಾಗಿರುತ್ತದೆ.