ನೈಲ್ ನದಿಯ ಒಕ್ಕಲು

ಮಾಧ್ಯಮಿಕ ಶಾಲೆಯ ಚರಿತ್ರೆಯ ಪರೀಕ್ಷೆಯಲ್ಲಿ ನಮಗೆ ತಪ್ಪದೆ ಬರುತ್ತಿದ್ದ ಪ್ರಶ್ನೆಯೊಂದಿತ್ತು: 'ಈಜಿಪ್ಟನ್ನು ನೈಲ್ ನದಿಯ ಕೊಡುಗೆ ಎಂದು ಏಕೆ ಕರೆಯುತ್ತಾರೆ?' ಹೆರೊಡೋಟಸನ ಹೆಸರು ಹೇಳಿ, ನೆರೆ, ಮೆಕ್ಕಲು ಮಣ್ಣು, ಗೋಧಿ ಎಂದು ನಾಲ್ಕು ಸಾಲು ಬರೆದರೆ ಎರಡು ಅಂಕ. ಆ ಎರಡು ಅಂಕಗಳನ್ನು ನಾನು ಎಂದೂ ಕಳೆದುಕೊಂಡವನಲ್ಲ. ಆದರೆ ಕೊಡುಗೆ ಎಂದಮೇಲೆ ಅದನ್ನು ಪಡೆದವರು ಯಾರು ಎಂಬ ಇನ್ನೊಂದು ಪ್ರಶ್ನೆ ಉಳಿಯುತ್ತದೆ. ಅದನ್ನು ನಮ್ಮ ಮೇಷ್ಟರು ಕೇಳಲಿಲ್ಲ. ಮುಂದೆ ಮೂವತ್ತು ವರ್ಷಕ್ಕೂ ಮೇಲೆ ಮೇಷ್ಟರಾಗಿದ್ದ ನಾನೂ ಕೇಳಲಿಲ್ಲ. ನಿವೃತ್ತನಾದ ಮೇಲೆ ಅಬ್ದುಲ್ ರಹಮಾನ್ ಅಲ್ ಶರ್ಕಾವಿಯ 'ಅಲ್ ಅರ್ದ್' ಕಾದಂಬರಿಯನ್ನು ಇಂಗ್ಲಿಷಿನಲ್ಲಿ ಓದಿದಾಗ ಆ ಪ್ರಶ್ನೆ ತಾನಾಗಿ ಎದುರಿಗೆ ಬಂದು ಕುಳಿತಿತು.

'ಅಲ್ ಅರ್ದ್' ಎಂದರೆ ಭೂಮಿ. 1954ರಲ್ಲಿ ಪುಸ್ತಕವಾಗಿ ಬಂದ ಈ ಕಾದಂಬರಿಯ ಕಾಲ 1930ರ ದಶಕದ ಆರಂಭ. ಒಂದು ಹಳ್ಳಿಯ ಹೊಲಗಳಿಗೆ ಹತ್ತು ದಿನ ಬರುತ್ತಿದ್ದ ನೀರು ಇನ್ನು ಮೇಲೆ ಐದೇ ದಿನ ಎಂದು ಸರಕಾರ ಅಪ್ಪಣೆ ಮಾಡುತ್ತದೆ. ಕಥೆಯ ಬೀಜ ಇಷ್ಟೇ. ಜಗತ್ತಿನ ಮಹಾನದಿಯೊಂದರ ಮಗ್ಗುಲಲ್ಲಿ ಹುಟ್ಟಿದ ಒಕ್ಕಲಿಗ ನೀರಿನ ಸರದಿಗಾಗಿ ನೆರೆಯವನ ಮೇಲೆ ಕೋಲೆತ್ತುತ್ತಾನೆ. ಯೂಸುಫ್ ಶಾಹೀನ್ ಇದನ್ನೇ 1970ರಲ್ಲಿ ಚಲನಚಿತ್ರ ಮಾಡಿದ. ಅದರಲ್ಲಿ ಬಡಿದಾಟ ಕಾವೇರಿದ ಹೊತ್ತಿಗೇ ದನವೊಂದು ಬಾವಿಗೆ ಬೀಳುತ್ತದೆ. ಈಗತಾನೇ ಹೊಡೆದಾಡಿದ ಕೈಗಳೇ ಒಟ್ಟಾಗಿ ಅದನ್ನು ಮೇಲಕ್ಕೆತ್ತುತ್ತವೆ. ಆ ಜನ ಎಂಥವರು ಎಂಬುದಕ್ಕೆ ನನಗೆ ಅದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಾಗಲಿಲ್ಲ.

ನದಿಯ ನೀರಿಗೆ ಹೀಗೆ ಅಪ್ಪಣೆ, ಸರದಿ, ಕಾವಲು ಬಂದದ್ದು ಹೇಗೆ? ಅದಕ್ಕೆ ಉತ್ತರ ಹುಡುಕಹೊರಟರೆ ಈಜಿಪ್ಟಿನ ಕಳೆದ ಇನ್ನೂರು ವರ್ಷಗಳ ಚರಿತ್ರೆಯೇ ಬಿಚ್ಚಿಕೊಳ್ಳುತ್ತದೆ.

ಮೊದಲಿನ ಕ್ರಮ ಸರಳವಾದುದು. ಆಗಸ್ಟ್, ಸೆಪ್ಟೆಂಬರ್ ತಿಂಗಳುಗಳಲ್ಲಿ ನೈಲ್ ಉಕ್ಕುತ್ತಿತ್ತು. ಬದುಗಳಿಂದ ಸುತ್ತುವರಿದ ದೊಡ್ಡ ಪಾತಿಗಳಿಗೆ ನೆರೆಯ ನೀರನ್ನು ಬಿಟ್ಟು ನಲವತ್ತು, ಐವತ್ತು ದಿನ ನಿಲ್ಲಿಸುತ್ತಿದ್ದರು. ಮೆಕ್ಕಲು ತಳಕ್ಕಿಳಿದ ಮೇಲೆ ನೀರನ್ನು ಹರಿಯಬಿಟ್ಟು, ಹಸಿ ಮಣ್ಣಿನಲ್ಲಿ ಗೋಧಿ, ಬಾರ್ಲಿ, ಅವರೆಯ ಜಾತಿಯ ಕಾಳುಗಳನ್ನು ಬಿತ್ತುವುದು. ಕೊಯ್ಲಾದ ಮೇಲೆ ಮುಂದಿನ ನೆರೆಯವರೆಗೆ ಹೊಲ ಒಣಗಿ ಬಿರುಕು ಬಿಡುತ್ತಿತ್ತು. ಈ ಒಣಗುವ ತಿಂಗಳುಗಳನ್ನು ದಯವಿಟ್ಟು ನೆನಪಿನಲ್ಲಿಡಿ. ಭೂಮಿಗೆ ಅದು ವಿಶ್ರಾಂತಿ. ಮನುಷ್ಯನಿಗೂ ಒಂದು ರಕ್ಷೆಯಾಗಿತ್ತು.

1805ರಲ್ಲಿ ಅಧಿಕಾರಕ್ಕೆ ಬಂದ ಮುಹಮ್ಮದ್ ಅಲಿ ಆಲ್ಬೇನಿಯದ ಮೂಲದವನು, ತುರ್ಕಿ ಸುಲ್ತಾನನ ಹೆಸರಿನಲ್ಲಿ ಆಳಿದವನು. 1820ರ ಸುಮಾರಿಗೆ ಅವನು ಉದ್ದ ಎಳೆಯ ಹತ್ತಿಯನ್ನು ಬೆಳೆಸತೊಡಗಿದ. ಹತ್ತಿ ಬೇಸಿಗೆಯ ಬೆಳೆ. ನದಿ ಸೊರಗಿದಾಗಲೇ ಅದಕ್ಕೆ ನೀರು ಬೇಕು. ಆದ್ದರಿಂದ ಆಳವಾದ ಕಾಲುವೆಗಳು ಬೇಕಾದವು. ಅಗೆಯಲು ಮತ್ತು ವರ್ಷವರ್ಷವೂ ಹೂಳೆತ್ತಲು ಬಿಟ್ಟಿ ಆಳುಗಳು ಬೇಕಾದರು. ಅಲ್ಲಿನ ರೈತನನ್ನು ಫಲ್ಲಾಹ ಎನ್ನುತ್ತಾರೆ. ಆ ಫಲ್ಲಾಹನನ್ನು ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಕಾಲುವೆಗಿಳಿಸಿದರು. ಸೈನ್ಯಕ್ಕೂ ಅವನನ್ನೇ ಹಿಡಿದೊಯ್ದರು. ಅದನ್ನು ತಪ್ಪಿಸಿಕೊಳ್ಳಲು ಬೆರಳು ಕತ್ತರಿಸಿಕೊಂಡವರು, ಒಂದು ಕಣ್ಣನ್ನು ಕಳೆದುಕೊಂಡವರು ಎಷ್ಟೋ ಜನ.

1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಅಲ್ಲಿನ ಹತ್ತಿ ನಿಂತಾಗ ನಮ್ಮ ಧಾರವಾಡ ಸೀಮೆಯ ಹತ್ತಿಗೆ ಬೆಲೆ ಬಂದಂತೆಯೇ ಈಜಿಪ್ಟಿನ ಹತ್ತಿಗೂ ಬಂತು. ಆ ಬೆಲೆಯನ್ನು ನಂಬಿ ಅರಸ ಇಸ್ಮಾಯಿಲ್ ಸಾಲದ ಮೇಲೆ ಸಾಲ ತಂದ. ಅಷ್ಟರಲ್ಲಿ ಸೂಯೆಜ್ ಕಾಲುವೆಯ ಕೆಲಸವೂ ನಡೆದಿತ್ತು. 1859ರಲ್ಲಿ ಅಗೆತ ಆರಂಭವಾಗಿ, ಮೊದಲ ಕೆಲವು ವರ್ಷ ತಿಂಗಳಿಗೆ ಸುಮಾರು 20,000 ಫಲ್ಲಾಹರು ಬಲವಂತದ ಸರದಿಯ ಮೇಲೆ ದುಡಿದರು. 1869ರಲ್ಲಿ ಕಾಲುವೆ ತೆರೆಯಿತು. ಆರೇ ವರ್ಷಗಳಲ್ಲಿ, 1875ರಲ್ಲಿ, ಇಸ್ಮಾಯಿಲ್ ತನ್ನ ಪಾಲಿನ ಷೇರುಗಳನ್ನೆಲ್ಲ ಬ್ರಿಟನ್ನಿಗೆ ಮಾರಿದ. ಮರುವರ್ಷ ರಾಜ್ಯ ದಿವಾಳಿಯಾಯಿತು. ಸಾಲಗಾರರ ಬೆನ್ನಿಗೆ ಸೈನ್ಯ ಬಂದದ್ದು 1882ರಲ್ಲಿ. 'ಈಜಿಪ್ಟ್ ಈಜಿಪ್ಟಿನವರಿಗೆ' ಎಂಬ ಘೋಷಣೆಯ ನಾಯಕನಾಗಿದ್ದ, ಹಳ್ಳಿಯ ಮನೆಯಿಂದ ಬಂದ ಕರ್ನಲ್ ಅಹ್ಮದ್ ಉರಾಬಿ, ತೆಲ್ ಎಲ್ ಕೆಬೀರ್‌ನಲ್ಲಿ ಸೋತ. ಅವನನ್ನು ಸೋಲಿಸಿದ ಸೈನ್ಯದಲ್ಲಿ ಭಾರತದ ದಳಗಳೂ ಇದ್ದವು. ಅವನನ್ನು ಗಡಿಪಾರು ಮಾಡಿದ್ದು ನಮ್ಮ ಮಗ್ಗುಲಿನ ಸಿಂಹಳಕ್ಕೆ.

ಮುಂದೆ 1907ರವರೆಗೆ ಈಜಿಪ್ಟನ್ನು ನಿಜವಾಗಿ ಆಳಿದವನು ಲಾರ್ಡ್ ಕ್ರೋಮರ್. ಅವನು ಕಲ್ಕತ್ತೆಯಲ್ಲಿ ವೈಸರಾಯರ ಹಣಕಾಸಿನ ಲೆಕ್ಕ ನೋಡಿ ಬಂದವನು. ಅವನ ನೀರಾವರಿ ಎಂಜಿನಿಯರುಗಳಾದ ಸ್ಕಾಟ್ ಮಾಂಕ್ರೀಫ್, ವಿಲ್‌ಕಾಕ್ಸ್ ಮೊದಲಾದವರೂ ಉತ್ತರ ಭಾರತದ ನಾಲೆಗಳಲ್ಲಿ ಪಳಗಿದವರೇ. ಅವರು ಮಾಡಿದ ಕೆಲಸವನ್ನು ಅಲ್ಲಗಳೆಯಲಾಗದು. ಚಾವಟಿಯ ಶಿಕ್ಷೆ ರದ್ದಾಯಿತು, ಬಿಟ್ಟಿ ಕ್ರಮೇಣ ನಿಂತಿತು, 1902ರಲ್ಲಿ ಆಸ್ವಾನ್ ಬಳಿ ಅಣೆಕಟ್ಟು ಎದ್ದಿತು, ಸಾಲದ ಕಂತು ತಪ್ಪದೆ ಸಂದಿತು. ಮೊದಲ ಮಹಾಯುದ್ಧದ ಹೊತ್ತಿಗೆ ದೇಶದ ರಫ್ತಿನ ಹತ್ತರಲ್ಲಿ ಒಂಬತ್ತು ಪಾಲು ಹತ್ತಿಯೇ ಆಗಿತ್ತು. ಆದರೆ ಶಾಲೆಗೆ, ಆಸ್ಪತ್ರೆಗೆ ಎಂದಾಗ ಕ್ರೋಮರನ ಕೈ ಬಿಗಿಯಾಗುತ್ತಿತ್ತು. ರದ್ದಾದ ಚಾವಟಿಯೂ 1906ರಲ್ಲಿ ಹೊರಬಂತು. ದಿನ್‌ಶವಾಯ್ ಎಂಬ ಹಳ್ಳಿಯಲ್ಲಿ ರೈತರು ಸಾಕಿದ ಪಾರಿವಾಳಗಳನ್ನು ಬ್ರಿಟಿಷ್ ಅಧಿಕಾರಿಗಳು ಬೇಟೆಯಾಡಿದಾಗ ಗಲಭೆಯಾಗಿ, ಅಧಿಕಾರಿಯೊಬ್ಬ ಸತ್ತ. ಎರಡೇ ವಾರಗಳಲ್ಲಿ ನಾಲ್ವರನ್ನು ಗಲ್ಲಿಗೇರಿಸಿ, ಉಳಿದ ಕೆಲವರಿಗೆ ಊರವರ ಕಣ್ಣೆದುರೇ ಚಾವಟಿಯೇಟು ಹಾಕಿದರು.

ಇವೆಲ್ಲ ಕಣ್ಣಿಗೆ ಕಂಡ ಗಾಯಗಳು. ಕಾಣದ ಗಾಯ ನೀರಿನಲ್ಲಿತ್ತು.

ಥಿಯೊಡೋರ್ ಬಿಲ್‌ಹಾರ್ಜ್ ಎಂಬ ಜರ್ಮನ್ ವೈದ್ಯ 1851ರಲ್ಲಿ ಕೈರೋದ ಆಸ್ಪತ್ರೆಯಲ್ಲಿ ಹೆಣಗಳನ್ನು ಪರೀಕ್ಷಿಸುವಾಗ ರಕ್ತನಾಳಗಳಲ್ಲಿ ಬಾಳುವ ಸಣ್ಣ ಹುಳುವನ್ನು ಕಂಡಿದ್ದ. ಅವನ ಹೆಸರಿನ ಮೇಲೆ ಆ ರೋಗಕ್ಕೆ ಬಿಲ್‌ಹಾರ್ಜಿಯಾ ಎಂಬ ಹೆಸರು ಬಂತು. ರೋಗ ಹೊಸದಲ್ಲ, ಮೂರು ಸಾವಿರ ವರ್ಷ ಹಳೆಯ ಮಮ್ಮಿಗಳಲ್ಲೂ ಅದರ ಮೊಟ್ಟೆಗಳು ಸಿಕ್ಕಿವೆ. ಈ ಹುಳು ಮನುಷ್ಯನನ್ನು ಸೇರುವ ಮುನ್ನ ನೀರಿನ ಬಸವನಹುಳುವಿನಲ್ಲಿ ಬೆಳೆಯುತ್ತದೆ ಎಂಬುದನ್ನು 1915ರಲ್ಲಿ ಲೀಪರ್ ಎಂಬ ಬ್ರಿಟಿಷ್ ವಿಜ್ಞಾನಿ ಈಜಿಪ್ಟಿನಲ್ಲಿಯೇ ತೋರಿಸಿಕೊಟ್ಟ. ನೆನಪಿನಲ್ಲಿಡಿ ಎಂದೆನಲ್ಲ, ಆ ಒಣ ತಿಂಗಳುಗಳು, ಅವುಗಳಲ್ಲಿ ಬಸವನಹುಳು ಬಹುಮಟ್ಟಿಗೆ ಸಾಯುತ್ತಿತ್ತು. ಕಾಲುವೆ ವರ್ಷವಿಡೀ ತುಂಬಿ ನಿಂತ ಮೇಲೆ ಅದು ಸಾಯಬೇಕಾದ ಕಾರಣವೇ ಉಳಿಯಲಿಲ್ಲ. ಮೊಣಕಾಲುದ್ದ ನೀರಿನಲ್ಲಿ ನಿಂತು ಏತ ಎತ್ತುವವನ, ಬಟ್ಟೆ ಒಗೆಯುವವಳ, ಈಜುವ ಹುಡುಗನ ಚರ್ಮವನ್ನು ಹುಳು ಕೊರೆದು ಒಳಹೊಕ್ಕಿತು. 1930ರ ದಶಕದಲ್ಲಿ ಮೇಲಣ ಈಜಿಪ್ಟಿನ ಕೆಲವು ಪ್ರದೇಶಗಳಿಗೆ ಹೊಸ ನೀರಾವರಿ ಬಂದಾಗ, ಮೂರೇ ವರ್ಷಗಳಲ್ಲಿ ಅಲ್ಲಿ ರೋಗ ಹಲವು ಪಟ್ಟು ಹೆಚ್ಚಿದ್ದನ್ನು ವೈದ್ಯರು ದಾಖಲೆ ಮಾಡಿದ್ದಾರೆ. ಮೂತ್ರದಲ್ಲಿ ರಕ್ತ, ಉಬ್ಬಿದ ಹೊಟ್ಟೆ, ಬತ್ತಿದ ತೋಳು, ತೀರದ ದಣಿವು. ಇಂಥವನನ್ನು ನೋಡಿದ ಪಟ್ಟಣದ ಬಾಬುಗಳು, ಫಲ್ಲಾಹ ಹುಟ್ಟು ಸೋಮಾರಿ ಎಂದು ಬರೆದಿಟ್ಟರು!

ಮಹಾಯುದ್ಧ ಬಂದಾಗ ಮತ್ತೆ ಅವನೇ ಬೇಕಾದ. ಕೂಲಿ ದಳದ ಹೆಸರಿನಲ್ಲಿ ಹಳ್ಳಿಗಳಿಂದ ಜನರನ್ನು ಹಿಡಿದೊಯ್ದು, ಸಿನಾಯ್ ಮರಳುಗಾಡಿನಲ್ಲಿ ರೈಲು ಹಳಿಯನ್ನೂ ನೈಲ್ ನೀರಿನ ಕೊಳವೆಯನ್ನೂ ಹಾಕಿಸಿದರು. ಪ್ಯಾಲೆಸ್ಟೈನಿನ ಕಡೆ ನಡೆದ ಆ ಸೈನ್ಯದಲ್ಲಿ ನಮ್ಮ ಮೈಸೂರು ಲ್ಯಾನ್ಸರ್ಸ್ ಕುದುರೆ ದಳವೂ ಇತ್ತು. ಹೈಫಾದ ಗೆಲವನ್ನು ನಾವು ಸ್ಮಾರಕ ಕಟ್ಟಿ ನೆನೆಯುತ್ತೇವೆ. ಕೊಳವೆ ಹೂಳಿದವರ ಹೆಸರು ಎಲ್ಲಿಯೂ ಕೆತ್ತಿಲ್ಲ. 1919ರಲ್ಲಿ ಸಾದ್ ಝಗ್ಲೂಲ್‌ನ ಸೆರೆಯ ಸುದ್ದಿ ಕೇಳಿ ದೇಶವೆದ್ದಾಗ ಹಳ್ಳಿಗರು ರೈಲು ಹಳಿ ಕಿತ್ತದ್ದರ ಹಿಂದೆ ಈ ಸಿಟ್ಟೂ ಇತ್ತು.

1922ರಲ್ಲಿ ಬ್ರಿಟನ್ ಈಜಿಪ್ಟಿಗೆ ಸ್ವಾತಂತ್ರ್ಯ ಘೋಷಿಸಿತು. ರಕ್ಷಣೆ, ಸೂಡಾನ್ ಮೊದಲಾದ ನಾಲ್ಕು ಬಾಬುಗಳನ್ನು ತನ್ನ ಕೈಯಲ್ಲೇ ಇಟ್ಟುಕೊಂಡಿತು. ಶರ್ಕಾವಿಯ ಹಳ್ಳಿಯಲ್ಲಿ ನೀರು ಐದು ದಿನಕ್ಕೆ ಇಳಿದದ್ದು ಈ ಸ್ವತಂತ್ರ ಕಾಲದಲ್ಲೇ ಎಂಬುದನ್ನು ಗಮನಿಸಬೇಕು. ನಿಜವಾದ ತಿರುವು ಬಂದದ್ದು 1952ರ ಜುಲೈ 23ರಂದು. ಆಗ ಭೂಮಾಲಿಕರಲ್ಲಿ ನೂರಕ್ಕೆ ಒಬ್ಬರಿಗಿಂತ ಕಡಮೆ ಮಂದಿಯ ಬಳಿ ಮೂರನೆಯ ಒಂದು ಪಾಲು ಭೂಮಿಯಿತ್ತು. ನಾಸೆರ್ ಮತ್ತು ಅವನ ಸಂಗಡಿಗರು ಎರಡು ತಿಂಗಳೊಳಗೆ 200 ಫೆದ್ದಾನಿನ ಮಿತಿ ಹಾಕಿದರು. ಒಂದು ಫೆದ್ದಾನ್ ಎಂದರೆ ಒಂದು ಎಕರೆಗೆ ಸ್ವಲ್ಪ ಹೆಚ್ಚು. ಹಂಚಿದ ಭೂಮಿ ಬಹಳವಲ್ಲ, ಒಟ್ಟು ಎಂಟನೆಯ ಒಂದು ಪಾಲಿನ ಆಸುಪಾಸು. ಆದರೆ ಪಾಷಾನ ಎದುರು ತಲೆಯೆತ್ತಿ ನಿಲ್ಲುವುದು ಎಕರೆಗಳಲ್ಲಿ ಅಳೆಯುವ ವಸ್ತುವಲ್ಲ. 1956ರ ಜುಲೈ 26ರಂದು ಅಲೆಕ್ಸಾಂಡ್ರಿಯದಲ್ಲಿ ನಾಸೆರ್ ಸೂಯೆಜ್ ಕಾಲುವೆಯನ್ನು ರಾಷ್ಟ್ರೀಕರಿಸಿದ ಭಾಷಣದಲ್ಲಿ, ಅದನ್ನು ಅಗೆಯುತ್ತ 1,20,000 ಜನ ಸತ್ತರೆಂದ. ಇತಿಹಾಸಕಾರರು ಆ ಸಂಖ್ಯೆಯನ್ನು ಒಪ್ಪುವುದಿಲ್ಲ. ಸಂಖ್ಯೆ ತಪ್ಪಿರಬಹುದು; ರೇಡಿಯೋ ಮುಂದೆ ಕುಳಿತ ಫಲ್ಲಾಹನಿಗೆ, ತನ್ನ ಅಜ್ಜನನ್ನು ಮೊದಲ ಬಾರಿಗೆ ಯಾರೋ ಲೆಕ್ಕಕ್ಕೆ ತೆಗೆದುಕೊಂಡರು ಅನ್ನಿಸಿರಬೇಕು.

ಕಾಲುವೆಯ ಹಣ ಬೇಕಾಗಿದ್ದದ್ದು ಆಸ್ವಾನಿನ ಎತ್ತರದ ಅಣೆಕಟ್ಟಿಗೆ. 1960ರಲ್ಲಿ ಕೆಲಸ ಶುರುವಾದಾಗ ಅಬ್ದುಲ್ ಹಲೀಂ ಹಾಫಿಜ್ ಎಂಬ ಗಾಯಕ ಅದರ ಮೇಲೆ ಒಂದು ಹಾಡು ಹಾಡಿದ. ಅದರ ಹೆಸರೇ 'ಒಂದು ಜನತೆಯ ಕಥೆ'. ಅರಬ್ಬೀ ಮಾತಾಡುವ ನಾಡುಗಳೆಲ್ಲ ಅವನ ಕೊರಳಿಗೆ ಮಾರುಹೋಗಿದ್ದವು. ಅಣೆಕಟ್ಟು ಬರಗಾಲವನ್ನು ತಡೆಯಿತು, ವಿದ್ಯುತ್ತು ಕೊಟ್ಟಿತು. ಸುಮಾರು 50,000 ನ್ಯೂಬಿಯನ್ನರನ್ನು 1963–64ರಲ್ಲಿ ನದಿಯಂಚಿನಿಂದ ಎಬ್ಬಿಸಿತು ಕೂಡ. ಅಬು ಸಿಂಬೆಲ್ ದೇವಾಲಯವನ್ನು ಕಲ್ಲುಕಲ್ಲಾಗಿ ಎತ್ತಿಡಲು ಜಗತ್ತೇ ನೆರವಾಯಿತು, ಆ ಜನರ ಪಾಲಿಗೆ ಬಂದದ್ದು ಕೋಮ್ ಓಂಬೋದ ಸಾಲುಮನೆಗಳು. ನೆರೆ ನಿಂತಿತು, ಒಣ ತಿಂಗಳುಗಳೂ ಇಡೀ ದೇಶದಲ್ಲಿ ಮುಗಿದವು.

ಅಬ್ದುಲ್ ಹಲೀಂ ಹುಟ್ಟಿದ್ದು 1929ರಲ್ಲಿ, ಡೆಲ್ಟಾದ ಅಲ್ ಹಲವಾತ್ ಎಂಬ ಹಳ್ಳಿಯಲ್ಲಿ. ತಬ್ಬಲಿ ಹುಡುಗ, ಊರ ಕಾಲುವೆಯಲ್ಲಿ ಈಜಿದವನು. ಆ ನೀರಿನಿಂದ ಬಂದ ಬಿಲ್‌ಹಾರ್ಜಿಯಾ ಅವನ ಯಕೃತ್ತನ್ನು ಮೆಲ್ಲಮೆಲ್ಲನೆ ತಿಂದಿತು. ಅಣೆಕಟ್ಟಿನ ಹಾಡು ಹಾಡುವಾಗಲೂ ಆ ಹುಳುವಿನ ಹಾವಳಿ ಅವನ ಮೈಯಲ್ಲಿತ್ತು. 1977ರ ಮಾರ್ಚ್ 30ರಂದು ಲಂಡನ್ನಿನ ಆಸ್ಪತ್ರೆಯಲ್ಲಿ ಅವನು ತೀರಿಕೊಂಡಾಗ ನಲವತ್ತೇಳು ವರ್ಷ. ಕೈರೋದ ಬೀದಿಗಳು ಜನರಿಂದ ತುಂಬಿಹೋದವು.

ಹೊಸ ಸರಕಾರ ಈ ರೋಗವನ್ನು ಮರೆತಿರಲಿಲ್ಲ. 1950ರ ದಶಕದಿಂದ ಮೂವತ್ತು ವರ್ಷ, ಹಳ್ಳಿಹಳ್ಳಿಯಲ್ಲಿ ಲಕ್ಷಾಂತರ ಜನರಿಗೆ ಆಂಟಿಮನಿಯ ಔಷಧವನ್ನು ನರಕ್ಕೆ ಚುಚ್ಚಿಸಿತು. ಕ್ರೋಮರನ ಆಳಿಕೆ ಮಾಡದಿದ್ದ ಕೆಲಸ ಅದು. ಆದರೆ ಗಾಜಿನ ಸಿರಿಂಜುಗಳು ಕೆಲವೇ, ಜನ ಸಾಲುಗಟ್ಟಿದ್ದರು, ಕುದಿಸಲು ಹೊತ್ತು ಸಾಲದು. ಒಬ್ಬನ ರಕ್ತದ ಸೋಂಕು ಇನ್ನೊಬ್ಬನಿಗೆ ಹಬ್ಬಿತು. ಆ ವೈರಸ್ಸನ್ನು ಗುರುತಿಸಿ ಹೆಪಟೈಟಿಸ್ ಸಿ ಎಂದು ಹೆಸರಿಟ್ಟದ್ದೇ 1989ರಲ್ಲಿ. ಆ ವೇಳೆಗೆ ಈಜಿಪ್ಟ್ ಜಗತ್ತಿನಲ್ಲೇ ಅತಿ ಹೆಚ್ಚು ಹೆಪಟೈಟಿಸ್ ಸಿ ಇರುವ ದೇಶವಾಗಿಬಿಟ್ಟಿತ್ತು. ಪರರ ಆಳಿಕೆ ರೈತನ ಮೈಯನ್ನು ಲೆಕ್ಕಕ್ಕೇ ಹಿಡಿಯದೆ ಕೆಡಿಸಿತು, ತನ್ನವರ ಆಳಿಕೆ ಗುಣಪಡಿಸಹೋಗಿ ಕೆಡಿಸಿತು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ನನ್ನ ಮನಸ್ಸು ಒಪ್ಪುವುದಿಲ್ಲ. ಆದರೆ ತಕ್ಕಡಿಯಲ್ಲಿ ಕುಳಿತವನಿಗೆ ಆ ವ್ಯತ್ಯಾಸ ಎಷ್ಟು ಗೊತ್ತಾಗಿದ್ದೀತು?

2018ರ ಅಕ್ಟೋಬರಿನಲ್ಲಿ ಸರಕಾರ ಮತ್ತೆ ಹಳ್ಳಿಗಳಿಗೆ ಬಂತು. ಏಳು ತಿಂಗಳಲ್ಲಿ ಸುಮಾರು 5 ಕೋಟಿ ಜನರ ಬೆರಳ ತುದಿಯಿಂದ ಹನಿ ರಕ್ತ ತೆಗೆದು ಪರೀಕ್ಷಿಸಿದರು. ಸೋಂಕು ಖಚಿತವಾದವರಿಗೆ ದೇಶದಲ್ಲೇ ತಯಾರಾದ ಮಾತ್ರೆಗಳನ್ನು ಮೂರು ತಿಂಗಳು ಬಿಟ್ಟಿಯಾಗಿ ಕೊಟ್ಟರು. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಈ ರೋಗದ ನಿರ್ಮೂಲನೆಯ ದಾರಿಯಲ್ಲಿ ಚಿನ್ನದ ದರ್ಜೆ ಪಡೆದ ಮೊದಲ ದೇಶವೆಂದು ಈಜಿಪ್ಟನ್ನು ಗುರುತಿಸಿತು. ಬೆರಳು ಚಾಚಿ ನಿಂತ ಆ ಸಾಲುಗಳಲ್ಲಿ, ಅರ್ಧ ಶತಮಾನದ ಹಿಂದೆ ತೋಳು ಚಾಚಿ ನಿಂತಿದ್ದ ಮುದುಕರೂ ಇದ್ದರು.